ಹುಲುಗಪ್ಪನ ಕೊರಿಯಾ ದೊರೆ

ಚಿಗಟೇರಿಯ ಹುಲುಗಪ್ಪ ಊರಿನ ಹೆಣಗಳಿಗೆ ಗುಂಡಿ ತೋಡುವವನು. ಹೆಗಲ ಮೇಲೆ ಗುದ್ದಲಿ ಇದ್ದರೆ ಬಾಯಲ್ಲಿ ಕೊರಿಯಾದ ಒಬ್ಬ ದೊರೆ ಇರಲೇಬೇಕು. ಸಾವಿರದೈನೂರು ವರ್ಷ ಹಿಂದಿನ ಜಿಜುಂಗ ಎಂಬ ಆ ದೊರೆಯ ಕಥೆಯನ್ನು ಎಂದೋ ರೇಡಿಯೋದಲ್ಲಿ ಕೇಳಿದ್ದ. ಹೆಸರಿಗೆ ನಾಲಿಗೆ ಹೊರಳದೆ 'ನಮ್ಮ ದೊರಿ' ಎನ್ನುತ್ತಿದ್ದ. ದೊರೆ ಮುಪ್ಪಿನಲ್ಲಿ ಪಟ್ಟ ಏರಿದ್ದು, ಎತ್ತು ಹೂಡಿ ಉಳುವುದನ್ನು ಬಳಕೆಗೆ ತಂದದ್ದು, ಪೇಟೆ ಕಟ್ಟಿಸಿದ್ದು ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ಆ ಪೇಟೆಯಲ್ಲಿ ಕೊಟ್ಟೂರಿನ ಮಂಡಕ್ಕಿ ಮಿರ್ಚಿಯೂ ಸಿಗುತ್ತಿತ್ತೇನೋ ಎಂದು ಕೇಳುವವರಿಗೆ ಅನ್ನಿಸುತ್ತಿತ್ತು. ಕಥೆಯ ಕೊನೆಯನ್ನು ಮಾತ್ರ ಗುಂಡಿಯ ದಡಕ್ಕೇ ಮೀಸಲಿಟ್ಟಿದ್ದ. ಯಾರಾದರೂ 'ನನ್ನೂ ಹುಗೀರಿ' ಎಂದು ಗುಂಡಿಗೆ ಬಿದ್ದರೆ ರಟ್ಟೆ ಹಿಡಿದು, "ಕೊರಿಯಾದಾಗ ರಾಜ ಸತ್ರ ಆಳುಗಳ್ನ ಜೊತಿಗೆ ಹುಗೀತಿದ್ರು. ನಮ್ಮ ದೊರಿ ಅದನ್ನ ಬಂದ್ ಮಾಡಿಸ್ಯಾನ. ಸತ್ತವ್ರ ಜೊತಿ ಹೋಗಂಗಿಲ್ಲ, ಮ್ಯಾಲ ಬಾ" ಎನ್ನುತ್ತಿದ್ದ. ಗಂಡನ ಗುಂಡಿಗೆ ಬಿದ್ದ ದ್ಯಾಮಕ್ಕನನ್ನೂ ಹಾಗೆಯೇ ಎಬ್ಬಿಸಿದ್ದ. ತೊಂಬತ್ತೆಂಟರ ಬೇಸಿಗೆಯಲ್ಲಿ ಜ್ವರ ಬಂದು ಅವನ ಮಗಳು ತೀರಿಕೊಂಡಳು. ಊರವರು ಬೇಡವೆಂದರೂ ಕೇಳದೆ ಗುಂಡಿಯನ್ನು ತಾನೇ ತೋಡಿದ. ತೋಡಿದವನೇ ಒಳಗಿಳಿದು ಹೆಣ ಇಸಿದುಕೊಳ್ಳುವುದು ಇಲ್ಲಿಯ ರೂಢಿ. ಇಸಿದುಕೊಂಡ, ಮಲಗಿಸಿದ, ಸೆರಗು ಸರಿಮಾಡಿದ, ಪಕ್ಕದಲ್ಲೇ ಕುಳಿತುಬಿಟ್ಟ. ಮಣ್ಣು ಹಿಡಿದು ನಿಂತ ಜನ ಕಾದರು. ಕಡೆಗೆ ದ್ಯಾಮಕ್ಕ ಬಗ್ಗಿ ಕೈ ಚಾಚಿದಳು. "ಮ್ಯಾಲ ಬಾರಣ್ಣ. ನಿಮ್ಮ ದೊರಿ ಏನಂದಿದ್ದ?" ಹುಲುಗಪ್ಪ ತಲೆ ಎತ್ತಲಿಲ್ಲ. "ಆ ದೊರಿಗೆ ಮಗಳು ಇದ್ದಿಲ್ಲ ಕಾಣ್ತೈತಿ, ತಂಗಿ" ಎಂದ.