ಹದಿನಾಲ್ಕು ಗೀಟು

ಬಿಪಿ ಮಾತ್ರೆಯ ಚೀಟಿ ಹುಡುಕುವಾಗ ಹಳೆಯ ಫೈಲಿನಿಂದ ಒಂದು ಜೆರಾಕ್ಸ್ ಹಾಳೆ ಜಾರಿ ಬಿತ್ತು. ಹದಿನಾಲ್ಕು ಚೌಕ, ಹದಿನಾಲ್ಕು ಗೀಟು. ಅದರಲ್ಲಿ ಏಳರ ಮೇಲೆ ಅಡ್ಡಗೆರೆ. ಗೀಟು ನನ್ನವು, ಅಡ್ಡಗೆರೆ ಡಾಕ್ಟರದು. ಬಸ್ ಟಿಕೆಟ್ಟನ್ನೂ ಜೆರಾಕ್ಸ್ ಮಾಡಿಸಿಡುವ ಪುಕ್ಕಲ ನಾನು. ಹಾಗಾಗಿ ಇದೂ ಉಳಿದಿತ್ತು...

ತಿ. ನರಸೀಪುರದಲ್ಲಿ ನಮ್ಮ ಪಕ್ಕದ ಮನೆಯವರು ನೀರುಗಂಟಿಯಾಗಿದ್ದವರು. ನಾಲೆಯ ತೂಬೆತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ಕೆಲಸ. ಅವರ ತಲೆಯಲ್ಲಿ ಕ್ಯಾನ್ಸರ್ ಗೆಡ್ಡೆ ಇದೆಯೆಂದು ತಿಳಿದಾಗ, ಕಾಗದಪತ್ರ ಹಿಡಿದು ಆಸ್ಪತ್ರೆಗೆ ಜೊತೆಯಾದವನು ನಾನು. ದಾರಿಯುದ್ದಕ್ಕೂ ಬೆವರಿದವನೂ ನಾನೇ.

ಅಲ್ಲಿ ಹೊಸದೊಂದು ಚಿಕಿತ್ಸೆಯ ಪ್ರಯೋಗ ನಡೆದಿತ್ತು. ಗೆಡ್ಡೆ ತೆಗೆಯುವಾಗಲೇ ಆ ಜಾಗಕ್ಕೊಂದು ಜೀನ್ ಸೇರಿಸುತ್ತಾರೆ. ಅದು ಸುಮ್ಮನೆ ಮಲಗಿರುತ್ತದೆ. ದಿನಕ್ಕೊಂದು ಮಾತ್ರೆ ನುಂಗಿದರೆ ಮಾತ್ರ ಎಚ್ಚೆತ್ತು, ಉಳಿದ ಕ್ಯಾನ್ಸರ್ ಮೇಲೆ ಮೈಯ ಕಾವಲಿನವರನ್ನು, ಅಂದರೆ ರೋಗನಿರೋಧಕ ಕಣಗಳನ್ನು, ಕರೆದು ಛೂ ಬಿಡುತ್ತದೆ. ಮಾತ್ರೆ ನಿಂತರೆ ಮತ್ತೆ ನಿದ್ದೆ.

"ಅಂಗಾರೆ ಜೀನು ನಾಲೆ ನೀರು, ಮಾತ್ರೆ ನನ್ನಂಗೆ ತೂಬೆತ್ತೋನು ಅನ್ನಿ" ಎಂದರು ನೀರುಗಂಟಿ.

ಡಾಕ್ಟರು ನಕ್ಕು ಒಪ್ಪಿದರು. ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡರಲ್ಲ ಎಂದು ನಾನೂ ನಿರಾಳವಾದೆ.

ಆಪರೇಷನ್ ಮುಗಿಸಿ ಊರಿಗೆ ಬಂದ ಮೇಲೆ ಹದಿನಾಲ್ಕು ದಿನದ ಮಾತ್ರೆ. ನುಂಗಿದ ದಿನ ಹಾಳೆಯಲ್ಲಿ ಗೀಟು ಹಾಕುವ ಕೆಲಸ ನನಗೆ ಬಿತ್ತು. ಬೆಳಿಗ್ಗೆ ಅವರು ನೀರಿನ ಚೊಂಬು ಹಿಡಿದು ಜಗಲಿಗೆ ಬಂದರೆ, ಮಾತ್ರೆ ನುಂಗಿಯಾಯಿತು ಎಂದುಕೊಂಡು ನಾನು ಗೀಟು ಎಳೆಯುತ್ತಿದ್ದೆ. ಡಬ್ಬಿ ಬಿಸಿಲಿಗೆ ಕೆಟ್ಟೀತೇ, ಇಲಿ ಹೊತ್ತೊಯ್ದೀತೇ ಎಂದೆಲ್ಲ ಹೆದರಿದವನು, ನುಂಗಿದಿರಾ ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ.

ಮತ್ತೆ ಆಸ್ಪತ್ರೆಗೆ ಹೊರಟ ದಿನ, ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ನನ್ನ ಕೈಗೆ ಬಂತು. ಖಾಲಿ ಇರಬೇಕಾದದ್ದು ಗಲಗಲ ಎಂದಿತು.

"ಏನಣ್ಣ ಇದು?"

"ದಿನಾ ತೂಬೆತ್ತುದ್ರೆ ಪೈರು ಕೊಳ್ತೋಯ್ತದೆ ಕಣ್ ಸಾ. ಅದ್ಕೇ ಒಂದಿನ ಬುಟ್ಟು ಒಂದಿನ ನುಂಗ್ದೆ."

ಮುಚ್ಚಳ ತೆಗೆದು ಎಣಿಸಿದೆ. ಏಳು ಮಾತ್ರೆಯನ್ನು ಮೋರಿಗೆ ಸುರಿದರೆ ಯಾರಿಗೂ ತಿಳಿಯದು ಎಂದು ನನ್ನ ಪುಕ್ಕಲು ತಲೆ ತಕ್ಷಣ ಲೆಕ್ಕ ಹಾಕಿತು. ನನ್ನ ಕಣ್ಣು ಮೋರಿಯತ್ತ ಹೋದದ್ದನ್ನು ನೋಡಿ ಅವರು ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಂಡು ಜೇಬಿಗಿಟ್ಟರು. "ನೀರು ಬುಡ್ದೆ ಬುಟ್ಟಿವ್ನಿ ಅಂತ ಯಾವತ್ತೂ ಯೋಳಿಲ್ಲ ಸಾ ನಾನು. ಈಗ ಯೋಳ್ಲಾ?"

ಡಾಕ್ಟರ ಮುಂದೆ ಎಲ್ಲವನ್ನೂ ಅವರೇ ಹೇಳಿದರು. "ಇವ್ರುದೇನೂ ತಪ್ಪಿಲ್ಲ ಸಾ. ಎದ್ರುಕೋತಾರೆ, ಬಯ್ಬ್ಯಾಡಿ" ಎಂದು ನನ್ನ ಪರವಾಗಿಯೂ ವಕಾಲತ್ತು ವಹಿಸಿದರು. ಡಾಕ್ಟರು ಬಯ್ಯಲಿಲ್ಲ. ಏಳು ಗೀಟು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಸುಳ್ಳು ಗೀಟು ಉಳಿದಿದ್ದರೆ ಮುಂದೆ ಬರುವ ರೋಗಿಗಳ ಲೆಕ್ಕವೂ ತಪ್ಪುತ್ತಿತ್ತಂತೆ. ಉಳಿದ ಮಾತ್ರೆಗಳನ್ನು ಈಗ ಕೊಡಬಹುದೇ ಎಂದು ಕೇಳಿದೆ. ಆ ಹದಿನಾಲ್ಕು ದಿನದ ಅವಧಿ ಮುಗಿಯಿತು ಎಂದರು.

ನೀರುಗಂಟಿ ಮುಂದಿನ ಕಟಾವಿನವರೆಗೆ ಇದ್ದರು. ಆ ಏಳು ಒಳಗೆ ಹೋಗಿದ್ದರೆ ಇನ್ನೊಂದು ಬೆಳೆ ನೋಡುತ್ತಿದ್ದರೇ... ಡಾಕ್ಟರಿಗೂ ಗೊತ್ತಿರಲಿಲ್ಲ.

ಚೀಟಿ ಕೊನೆಗೂ ಸಿಕ್ಕಿತು. ಬಿಪಿ ಮಾತ್ರೆ ನುಂಗಿ, ಅದು ಗಂಟಲಿಳಿದ ಮೇಲೆಯೇ ಕ್ಯಾಲೆಂಡರಿನಲ್ಲಿ ಗೀಟು ಎಳೆದೆ. ನುಂಗಿದೆಯಾ ಎಂದು ನನ್ನನ್ನು ನಾನೇ ಎರಡು ಸಲ ಕೇಳಿಕೊಂಡೆ. ಪಕ್ಕದ ಜಗಲಿ ಖಾಲಿ ಇತ್ತು. ಅಲ್ಲಿ ಕೇಳಬೇಕಾಗಿದ್ದದ್ದು ಒಂದೇ ಒಂದು ಸಲ.