ಉದುರದ ಹೊಕ್ಕಳಬಳ್ಳಿ

ಬೆಳಿಗ್ಗೆ ಹತ್ತು ನಲವತ್ತಕ್ಕೆ ಲ್ಯಾಬಿನಿಂದ ಫೋನ್ ಬಂತು. ನಾಲ್ಕು ವರ್ಷಗಳ ಹಿಂದಿನ ಮಾತು; ನಾನು ನೇಕಾರರ ಊರಾದ ಬನಹಟ್ಟಿಯಲ್ಲಿ ಮಕ್ಕಳ ವೈದ್ಯ. ಇಪ್ಪತ್ತಾರು ದಿನದ ಹೆಣ್ಣುಮಗುವಿನ ಬಿಳಿ ರಕ್ತಕಣಗಳ ಎಣಿಕೆ ಎಂಬತ್ತೆರಡು ಸಾವಿರ! ಆ ವಯಸ್ಸಿಗೆ ಇಪ್ಪತ್ತು ಸಾವಿರವೇ ಹೆಚ್ಚು.

ಒಂದೆರಡು ವಾರದಲ್ಲಿ ಉದುರಬೇಕಾದ ಹೊಕ್ಕಳಬಳ್ಳಿ ಇನ್ನೂ ಉದುರಿರಲಿಲ್ಲ. ಸುತ್ತ ಕೆಂಪಾಗಿತ್ತು. ತಾಯಿ ಸುವರ್ಣಾ ಸೋದರಮಾವನನ್ನೇ ಮದುವೆಯಾದವಳು. ಅವಳಿಗೆ ಅಜ್ಜಿಯೂ ಅತ್ತೆಯೂ ಒಬ್ಬಳೇ. ಬಳ್ಳಿ ಬೀಳದೆ ತೊಟ್ಟಿಲಿಗೆ ಹಾಕಬಾರದೆಂದು ಆ ಅಜ್ಜಿ ಹೆಸರಿಡುವುದನ್ನೂ ಮುಂದೂಡಿದ್ದಳು.

"ಅವ್ವನ ಹೊಟ್ಟಿ ಬಿಡಾಕ ಮನಸ್ಸಿಲ್ಲ ನೋಡ್ರಿ ಇದಕ್ಕ," ಎಂದು ನಕ್ಕಳು. "ಕೀವು ಇಲ್ಲಲ್ರೀ ಸಾಹೇಬ್ರ, ಛಲೋ ಆತಲ್ಲ?"

ಕೀವಿಲ್ಲದ್ದೇ ನನ್ನ ಭಯ. ಸೋಂಕಿದ್ದಲ್ಲಿಗೆ ಹೋಗಲು ಬಿಳಿ ಕಣ ಮೊದಲು ರಕ್ತನಾಳದ ಗೋಡೆಗೆ ಅಂಟಿಕೊಳ್ಳಬೇಕು. ಅಂಟಿಸುವ ಕೈ, ಕಣದ ಮೈಮೇಲಿರುವ ಇಂಟೆಗ್ರಿನ್ ಎಂಬ ರಿಸೆಪ್ಟರ್. ಅದಿಲ್ಲದಿದ್ದರೆ ಕಣಗಳು ರಕ್ತದಲ್ಲೇ ಸುತ್ತುತ್ತಿರುತ್ತವೆ; ಕೀವೂ ಆಗದು, ಬಳ್ಳಿಯೂ ಉದುರದು. ಪರೀಕ್ಷೆಗೆ ಕಳಿಸಿದೆ. ನಾಲ್ಕನೇ ದಿನ ವರದಿ ಬಂತು: ರಿಸೆಪ್ಟರ್ ಪೂರ್ತಿ ಇದೆ.

"ಆ ದೊಡ್ಡ ರೋಗ ಇಲ್ಲವ್ವಾ," ಎಂದೆ. ತೊಡೆಯ ಮೇಲಿನ ಎರಡು ನೀಲಿ ಕಲೆಗಳನ್ನು ಸೂಜಿಯ ಗುರುತೆಂದುಕೊಂಡೆ. ಆಂಟಿಬಯೋಟಿಕ್ ಮುಗಿಸಿ ಮನೆಗೆ ಕಳಿಸಿದೆ.

ಹನ್ನೊಂದು ದಿನಗಳ ನಂತರ ಹೊಕ್ಕಳಿನಿಂದ ರಕ್ತ ಸೋರುತ್ತಿದ್ದ ಮಗುವನ್ನು ಹೊತ್ತು ತಂದರು. ಬೆಳಗಾವಿಗೆ ಕಳಿಸಿದೆವು. ಅಲ್ಲಿ ಜೀನ್ ಪರೀಕ್ಷೆಗೆ ರಕ್ತ ತೆಗೆದರು. ಅಸ್ಥಿಮಜ್ಜೆ ಕಸಿಯೊಂದೇ ದಾರಿ ಎಂದರು. ಅಷ್ಟು ದಿನ ಮಗು ಉಳಿಯಲಿಲ್ಲ. ಹೆಸರೂ ಇಟ್ಟಿರಲಿಲ್ಲ.

ವರದಿ ಆಮೇಲೆ ಬಂತು. ರಿಸೆಪ್ಟರ್ ಇತ್ತು, ಜೀವಕೋಶದ ಒಳಗಿನಿಂದ ಅದರ ಬಾಲಕ್ಕೆ ಅಂಟಿ ಅದನ್ನು ಎಚ್ಚರಿಸಬೇಕಾದ ಕಿಂಡ್ಲಿನ್-೩ ಎಂಬ ಪ್ರೋಟೀನ್ ಇರಲಿಲ್ಲ. ಕೈ ಇತ್ತು, ಹಿಡಿ ಎನ್ನುವವರಿರಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೂ ಅದೇ ಕೊರತೆ. ಆ ನೀಲಿ ಕಲೆಗಳು ಅದನ್ನೇ ಹೇಳಿದ್ದವು.

"ಇಲ್ಲ ಅಂದಿದ್ರಲ್ರೀ ಸಾಹೇಬ್ರ," ಎಂದಳು ಸುವರ್ಣಾ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಂದಿಗೂ ಆ ಕಲೆಗಳು ಕಣ್ಣೆದುರು ಬರುತ್ತವೆ.

ಒಂದು ವಸ್ತು ಇದೆ ಎಂದರೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಇದನ್ನು ಕಲಿಯಲು ನನಗೆ ಒಂದು ಮಗು ಬೇಕಾಯಿತು.

ಹೋದ ವರ್ಷ ಸುವರ್ಣಾ ಮತ್ತೆ ಹೆತ್ತಳು. ಮಗು ಗರ್ಭದಲ್ಲಿದ್ದಾಗಲೇ ಮಾಡಿಸಿದ ಜೀನ್ ಪರೀಕ್ಷೆಯ ವರದಿ ಚೆನ್ನಾಗಿತ್ತು. ಆದರೆ ವರದಿಯನ್ನು ನಂಬಿ ನಿದ್ದೆ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಬಳ್ಳಿ ಬಿತ್ತೇ ಎಂದು ದಿನವೂ ಫೋನ್ ಮಾಡಿ ಕೇಳುತ್ತಿದ್ದೆ. ಒಂಬತ್ತನೇ ದಿನ ಅಜ್ಜಿಯೇ ಮಾಡಿದಳು.

"ಬಿತ್ತರೀ ಸಾಹೇಬ್ರ! ಒಣಗಿ ತಾನ ಬಿತ್ತು. ಇನ್ನ ಫೋನ್ ಮಾಡಬ್ಯಾಡ್ರಿ, ಮಕ್ಕೋರಿ."

ಅಂದು ಮಲಗಿದವನಿಗೆ ಎಚ್ಚರವಾದದ್ದು ಬೆಳಗಿನ ಮಗ್ಗಗಳ ಸದ್ದಿಗೆ.