ಅಮೀನಾಳ ಪಕ್ಕದ ಜಾಗ

ಗರಾಜಿನಲ್ಲಿ ಗೊಂಬೆಗಳ ಪೆಟ್ಟಿಗೆ ತೆರೆದೆ ನೋಡಿ, ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಟೆಕ್ಸಾಸಿನ ಈ ಕ್ಯಾರಲ್ಟನ್ನಿನ ಬಿಸಿಲಲ್ಲಿ ವರ್ಷವೆಲ್ಲ ಬೆಂದರೂ ಹೋಗದ ವಾಸನೆ. ಬೇರೆಯವರಿಗೆ ಅದರಿಂದ ಮೈಸೂರು ನೆನಪಾದೀತು. ನನಗೆ ನೆನಪಾಗುವುದು ಅಮೀನಾ.

ಕೆಲವು ವರ್ಷದ ಹಿಂದೆ ನಾವು ಪಕ್ಕದೂರು ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಎದುರು ಮನೆಯವಳು ಅಮೀನಾ, ಆಫ್ರಿಕದವಳು. ಅವಳ ದೇಶದಲ್ಲಿ ಜನ ದಂಗೆಯೆದ್ದು ಸರ್ವಾಧಿಕಾರಿಯನ್ನು ಇಳಿಸಿದಾಗ ಇವಳೂ ಇವಳ ತಂಗಿ ಹನಾನ್ ಕೂಡ ಬೀದಿಯಲ್ಲಿದ್ದವರು. ಆಮೇಲೆ ಸೈನಿಕರು ಗುಂಡು ಹಾರಿಸಿದರು. ಅಮೀನಾಳ ಪಕ್ಕದಲ್ಲೇ ಗೆಳತಿ ಸತ್ತಳು. ಹೊಡೆದವರಿಗೆ ಶಿಕ್ಷೆಯಾಗಲೇಬೇಕೆಂದು ಹನಾನ್ ಅಲ್ಲೇ ಉಳಿದು ಹೋರಾಡುತ್ತಿದ್ದಳು. ಕಣ್ಣಾರೆ ಕಂಡ ಅಮೀನಾ ಇಲ್ಲಿದ್ದಳು. ಸಾಕ್ಷಿ ಹೇಳಿದರೆ ತಂಗಿಯನ್ನು ಹಿಡಿಯುತ್ತಾರೆ. ಹೇಳದಿದ್ದರೆ ಕೇಸೇ ಬಿದ್ದುಹೋಗುತ್ತದೆ.

ಇದೆಲ್ಲ ನಮಗೆ ಗೊತ್ತಾದದ್ದು ಗೊಂಬೆ ಹಬ್ಬದ ದಿನ. ನಮ್ಮ ಹಬ್ಬ ನಿಮಗೆ ಗೊತ್ತಲ್ಲ: ಆರತಿ, ಕೋಸಂಬರಿ, ಆಮೇಲೆ ಗ್ರೂಪ್ ಫೋಟೋ. ಫೋಟೋ ವಾಟ್ಸಾಪಿಗೆ ಹೋಗದಿದ್ದರೆ ಹಬ್ಬವೇ ಆಗಲಿಲ್ಲ ಎನ್ನುವ ಪೈಕಿ ನಾನು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಎಲ್ಲರನ್ನೂ ಗದರಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಅಮೀನಾ ಮೆಲ್ಲಗೆ ಅಡಿಗೆಮನೆಗೆ ಜಾರಿಕೊಂಡಳು.

"ಬಾಮ್ಮಾ, ಅದೇನು ನಾಚ್ಕೆ?" ಅತ್ತೆ ಕೈಹಿಡಿದು ಎಳೆದರು. ಅವಳು ಕೈ ಬಿಡಿಸಿಕೊಂಡಳು. ತನ್ನ ಮುಖ ಅಲ್ಲಿನವರ ಕಣ್ಣಿಗೆ ಬೀಳಬಾರದು, ತಂಗಿಗೆ ಅಪಾಯ ಎಂದು ಎಲ್ಲ ಹೇಳಿದಳು.

"ಅಲ್ವೇ, ಅವನನ್ನ ಇಳಿಸಿಬಿಟ್ರಂತಲ್ಲ, ಇನ್ಯಾರ ಭಯ?" ಎಂದರು ಅತ್ತೆ. ನಾನು ಅದನ್ನು ಇಂಗ್ಲಿಷಿನಲ್ಲಿ ಕೇಳಿದೆ.

ಗೊಂಬೆ ಕೂರಿಸಿದ್ದ ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜರಾಣಿ, ಕೆಳಗೆ ದಸರಾ ಮೆರವಣಿಗೆಯ ಸಿಪಾಯಿಗಳ ಸಾಲು. ಅಮೀನಾ ಸಿಪಾಯಿಗಳನ್ನು ತೋರಿಸಿದಳು. "ಮೇಲಿದ್ದವನು ಹೋದ, ಆಂಟಿ. ಇವರ‍್ಯಾರೂ ಹೋಗಿಲ್ಲ."

ಅತ್ತೆ ಅವಳನ್ನು ಬಿಟ್ಟು ಉಳಿದವರ ಫೋಟೋ ತೆಗೆಸಿದರು.

ಆಗಲೇ ಹನಾನ್ ಫೋನ್ ಬಂತು. ಅಕ್ಕತಂಗಿ ತಮ್ಮ ಭಾಷೆಯಲ್ಲಿ ಜಗಳವಾಡಿದರು. ಫೋನಿಟ್ಟು ಅಮೀನಾ ಕಣ್ಣೊರೆಸಿಕೊಂಡಳು. "ನನ್ನ ನೆಪ ಹೇಳಿ ಬಾಯಿ ಮುಚ್ಕೊಂಡಿರಬೇಡ ಅಂತಾಳೆ ತಂಗಿ."

ಮುಂದಿನ ವಾರ ಅವಳ ಸಾಕ್ಷಿಯನ್ನು ವಿಡಿಯೋ ಮಾಡಿಸಲು ಹ್ಯೂಸ್ಟನ್ನಿನ ವಕೀಲೆಯ ಆಫೀಸಿಗೆ ನಾನೇ ಡ್ರೈವ್ ಮಾಡಿದೆ. "ನಮ್ಮ ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ ಕಣೇ, ನೀನು ಎಲ್ಲೂ ಹೆಸರು ಕೊಡ್ಬೇಡ," ಎಂದಿದ್ದರು ನಮ್ಮ ಯಜಮಾನರು. ಮೊದಲೇ ನಾನು ಪುಕ್ಕಲಿ. ಬಾಗಿಲ ಹೊರಗೇ ಕುಳಿತೆ. ಮುಖ ಮರೆಮಾಡೋಣವೇ ಎಂದು ವಕೀಲೆ ಕೇಳಿದ್ದು ಕೇಳಿಸಿತು. ಬೇಡ ಎಂದಳು ಅಮೀನಾ. ತನ್ನ ಹೆಸರು ಹೇಳಿದಳು, ಸತ್ತ ಗೆಳತಿಯ ಹೆಸರು ಹೇಳಿದಳು, ಹೊಡೆದವನ ಹೆಸರನ್ನೂ ಹೇಳಿದಳು.

ವಿಡಿಯೋ ಹೊರಬಂದ ವಾರವೇ ಅಲ್ಲಿ ಸೈನಿಕರು ಹನಾನ್‌ಳನ್ನು ಎಳೆದೊಯ್ದರು.

ಈ ಸಲ ಕ್ಯಾರಲ್ಟನ್ನಿನ ಮನೆಯಲ್ಲಿ ಗೊಂಬೆ ಜೋಡಿಸಿದ್ದಾಯಿತು. ಅಮೀನಾ ಶುಂಠಿ ಕಾಫಿಯ ಫ್ಲಾಸ್ಕ್ ಹಿಡಿದು ಬಂದಳು. ಫೋಟೋಗೆ ಈಗ ಅವಳನ್ನು ಯಾರೂ ಕರೆಯಬೇಕಿಲ್ಲ. ಅತ್ತೆ ಮೈಸೂರಿನಿಂದ ವಿಡಿಯೋ ಕಾಲಿನಲ್ಲೇ ಎಲ್ಲರನ್ನೂ ನಿಲ್ಲಿಸುತ್ತಿದ್ದವರು ಥಟ್ಟನೆ ಕೇಳಿದರು: "ಅವಳ ತಂಗೀನ ಬಿಟ್ರಾ?"

"ಇನ್ನೂ ಇಲ್ಲ, ಅತ್ತೆ."

ಅತ್ತೆ ಪರದೆಯ ಹತ್ತಿರ ಬಗ್ಗಿ ಸಾಲನ್ನು ನೋಡಿದರು. ಆಮೇಲೆ, "ಹಾಗಾದ್ರೆ ಅವಳ ಪಕ್ಕ ಒಬ್ರು ನಿಲ್ಲೋಷ್ಟು ಜಾಗ ಬಿಟ್ಟು ನಿಂತ್ಕೊಳ್ರೇ," ಎಂದರು.

ಎಲ್ಲರೂ ಸರಿದು ನಿಂತೆವು. ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಆದರೂ ಫೋಟೋವನ್ನು ಗ್ರೂಪಿಗೆ ಹಾಕಿ, ಎಡದಿಂದ ಒಬ್ಬೊಬ್ಬರ ಹೆಸರೂ ಬರೆದೆ. ಅಮೀನಾ ಆದಮೇಲೆ ಹನಾನ್ ಎಂದು ಬರೆದು, ಅದರ ಮುಂದೆ ನನ್ನ ಹೆಸರು ಬರೆದೆ.